ಅಮರ ಚಿತ್ರಕಥೆಯೂ ಮನೋರಮೆಯೂ

ಕಾರ್ಕಳದಲ್ಲಿ ಜನಿಸಿದ ಅನಂತ ಪೈಯವರು (೧೯೨೯–೨೦೧೧) ೧೯೬೭ರಲ್ಲಿ ಮುಂಬಯಿಯಲ್ಲಿ ಮಕ್ಕಳಿಗಾಗಿ ಆರಂಭಿಸಿದ ‘ಅಮರ ಚಿತ್ರಕಥೆ’ಯ ವಿಷಯದಲ್ಲಿ ವಾಚಕರ ಅಭಿಪ್ರಾಯವು ಇಬ್ಬಗೆಯಾಗಿದೆ. ಗ್ರೀಕ್ ಪುರಾಣವನ್ನು ಬಲ್ಲ ಮಕ್ಕಳು ರಾಮನ ತಾಯಿಯ ಹೆಸರನ್ನರಿಯದಿದ್ದುದನ್ನು ದೂರದರ್ಶನದ ಪ್ರಶ್ನೋತ್ತರದಲ್ಲಿ ಕಂಡು ಅವರು ಈ ಕಾರ್ಯಕ್ಕೆ ಕೈಯಿಕ್ಕಿದರೆಂಬುದು ಪ್ರಸಿದ್ಧ. ಪುರಾಣಶ್ರವಣವು ವಿರಳವಾದ ಮನೆಗಳಿಗೆ ಇವುಗಳಿಂದಾದ ಉಪಕಾರವು ಅಲ್ಪವಲ್ಲವೆಂದು ಒಂದು ಪಕ್ಷದವರು ಹೇಳುವರು. ಅದು ಯಥಾರ್ಥವೇ ಸರಿ.

ಅನ್ಯಪಕ್ಷದವರ ಆಕ್ಷೇಪವೂ ತಳ್ಳಿಹಾಕತಕ್ಕುದಲ್ಲ. ಈ ಚಿತ್ರಗಳಲ್ಲಿ ನಾಯಿಕೆಯರು ಬಹುಧಾ ಗೌರವರ್ಣದವರು, ಅಸುರರು ಕೃಷ್ಣವರ್ಣದವರು. ಆದರೆ ವ್ಯಾಸರ ದ್ರೌಪದಿಯು ಮೈಬಣ್ಣದಿಂದಲೇ ‘ಕೃಷ್ಣೆ’ಯೆನಿಸಿದವಳು, ರಾಮನೂ ಶ್ಯಾಮನೇ. ಕಿವಿಯಿಂದ ಕೇಳಿದ ರೂಪವನ್ನು ಮಗುವು ತಾನೇ ಕಲ್ಪಿಸಿಕೊಳ್ಳುವುದು. ಕಣ್ಣಿಗೆ ಕಟ್ಟಿದ ಚಿತ್ರವು ಅಚ್ಚೊತ್ತಿ ನಿಲ್ಲುವುದು. ಕಪ್ಪು ದುಷ್ಟತನದ ಗುರುತೆಂಬ ಭಾವನೆಯು ಹಾಗೆ ನಿಂತರೆ ಅಳಿಸುವುದು ಕಷ್ಟ.

ಕಾರ್ಕಳಕ್ಕೆ ಸಮೀಪದ ನಂದಳಿಕೆಯ ಮುದ್ದಣನು ‘ಶ್ರೀರಾಮಾಶ್ವಮೇಧ’ವನ್ನು ಹೇಳುವಾಗ, ನಡುನಡುವೆ ತಡೆದು ಪ್ರಶ್ನಿಸುವ ಮನೋರಮೆಯನ್ನು ಎದುರಿಗೆ ಕುಳ್ಳಿರಿಸಿದನು. ಚಿತ್ರಕಥೆಯಲ್ಲಿ ಅಂತಹ ಮನೋರಮೆಯಿಲ್ಲ. ತಾಯಿತಂದೆಗಳು ಆ ಸ್ಥಾನವನ್ನು ವಹಿಸಿ, ಮಗುವಿನ ಬಳಿ ಕುಳಿತು, ‘ಇವನನ್ನು ಕಪ್ಪಾಗಿ ಬರೆದುದೇಕೆ?’ ಎಂದು ಕೇಳಲಿ. ಆಗ ಪುಸ್ತಕದ ಗುಣವು ಉಳಿದು ದೋಷವು ಕಳೆಯುವುದು.