ಗುಂಡು ಯಾಕೆ ಉರುಳಬೇಕು?

ಹೊಸ ಪಿನ್‌ಬಾಲ್ ಯಂತ್ರಕ್ಕೆ ವಸ್ತು ಯಾವುದಿರಲಿ ಎಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಸಿನಿಮಾ. ನಮ್ಮ ಬೆಳಗಾವಿ ಸೀಮೆಯಲ್ಲಾದರೆ ಅದರ ಹಿಂದೆಯೇ ಸಂಗೊಳ್ಳಿ ರಾಯಣ್ಣ. ಎದುರಿನ ಗಾಜಿನ ಮೇಲೆ ಕತ್ತಿ ಹಿರಿದ ರಾಯಣ್ಣ ಚೆಂದವೇ ಕಾಣುತ್ತಾನೆ. ಆದರೆ ಕೆಳಗೆ ಹಲಗೆಯ ಮೇಲೆ ಓಡುವ ಉಕ್ಕಿನ ಗುಂಡು ಯಾರದು, ಅದು ಯಾಕೆ ಉರುಳುತ್ತಿದೆ? ಇದಕ್ಕೆ ಉತ್ತರವಿಲ್ಲದ ವಸ್ತು ಗಾಜಿನ ಮೇಲೆಯೇ ಉಳಿಯುತ್ತದೆ, ಹಲಗೆಗೆ ಇಳಿಯುವುದಿಲ್ಲ.

ಜಾತ್ರೆಯಲ್ಲಿ ಮಾರುವ, ಮೊಳೆ ಬಡಿದ ಹಲಗೆಯಲ್ಲಿ ಗೋಲಿ ಚಿಮ್ಮಿಸುವ ಆಟಿಗೆಯೂ ಪಿನ್‌ಬಾಲೂ ಒಂದೇ ವಂಶದವು. 1947ರಲ್ಲಿ ‘ಹಂಪ್ಟಿ ಡಂಪ್ಟಿ’ ಯಂತ್ರಕ್ಕೆ ಫ್ಲಿಪರ್ ಬಂದ ಮೇಲೆ ಬೀಳುವ ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುವುದೇ ಆಟವಾಯಿತು. 1992ರ ‘ದಿ ಆಡಮ್ಸ್ ಫ್ಯಾಮಿಲಿ’ 20 ಸಾವಿರಕ್ಕೂ ಹೆಚ್ಚು ಮಾರಾಟವಾದದ್ದು ಬರೀ ಸಿನಿಮಾ ಹೆಸರಿನ ಬಲದಿಂದಲ್ಲ. ಆ ಕಥೆಯ ಒಂಟಿ ಕೈ ಪೆಟ್ಟಿಗೆಯಿಂದ ಎದ್ದು ಬಂದು ಗುಂಡನ್ನೇ ಎತ್ತಿಕೊಂಡು ಹೋಗುತ್ತದೆ! 1997ರ ‘ಮೆಡೀವಲ್ ಮ್ಯಾಡ್‌ನೆಸ್’ಗೆ ಯಾವ ಸಿನಿಮಾದ ಆಸರೆಯೂ ಇಲ್ಲ. ಗುಂಡಿನಿಂದ ಹೊಡೆದು ಕೋಟೆ ಕೆಡವಬೇಕು, ಅಷ್ಟೇ. ಇಂದಿಗೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ನನ್ನನ್ನು ಕೇಳಿದರೆ ವಸ್ತು ಘಟಪ್ರಭಾ ನದಿಗೆ ಒಡ್ಡು ಕಟ್ಟಿರುವ ಧುಪದಾಳದಲ್ಲೇ ಇದೆ. ಒಡ್ಡಿನ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳಲ್ಲ. ಚಿತ್ರಕಾರರು ಮೊದಲು ಅವನ್ನೇ ಕೇಳುತ್ತಾರೆ, ನಾನು ಒಪ್ಪುವುದಿಲ್ಲ. ಹಕ್ಕಿಗೆ ಗುಂಡು ಬಡಿದು ಅಂಕ ಏರಿದರೆ ಅದು ಬೇಟೆ. ಅವು ಪೆಟ್ಟಿಗೆಯ ಬದಿಯ ಚಿತ್ರದಲ್ಲಿ ಹಾರಿಕೊಂಡಿರಲಿ.

ವಸ್ತು ನೀರು. ಪಿನ್‌ಬಾಲ್ ಹಲಗೆ ಸುಮಾರು ಆರೂವರೆ ಡಿಗ್ರಿ ಇಳಿಜಾರು; ಗುಂಡು ಯಾಕೆ ಕೆಳಗೆ ಬರುತ್ತದೆ ಎಂದು ಘಟಪ್ರಭೆಯ ದಂಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಲಗೆಯ ನೆತ್ತಿಯಲ್ಲಿ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ. ನಡುವೆ ಅಡ್ಡಲಾಗಿ ಧುಪದಾಳದ ಒಡ್ಡು: ಅಲ್ಲಿ ಒಂದೊಂದೇ ಗುಂಡನ್ನು ತಡೆದು ನಿಲ್ಲಿಸುತ್ತ ಹೋಗಬೇಕು. ಮೂರು ನಿಂತವೋ, ಮಳೆಗಾಲ ಶುರು. ಗೇಟು ತೆರೆದು ಮೂರೂ ಒಟ್ಟಿಗೆ ನುಗ್ಗುತ್ತವೆ. ಹೀಗೆ ಹಲವು ಗುಂಡು ಒಟ್ಟಿಗೆ ಓಡುವ ಮಲ್ಟಿಬಾಲ್ ಬಹಳಷ್ಟು ಯಂತ್ರಗಳಲ್ಲಿ ಇರುತ್ತದೆ, ಆದರೆ ಅದಕ್ಕೆ ಇಷ್ಟು ನ್ಯಾಯವಾದ ಕಾರಣ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಎಡಕ್ಕೆ ಒಡ್ಡಿನಿಂದ ಹೊರಡುವ ಎಡದಂಡೆ ಕಾಲುವೆ. ಆ ಓಣಿಗೆ ಬಿದ್ದ ಗುಂಡು ಹೊಲಕ್ಕೆ ನೀರುಣಿಸಿ ಫ್ಲಿಪರಿಗೆ ವಾಪಸಾಗಲಿ. ಬಲಕ್ಕೆ ಗೋಕಾಕ ಜಲಪಾತ. ಇಲ್ಲಿ ಜಿಪುಣತನ ಬೇಡ: ರ‍್ಯಾಂಪ್ ಹತ್ತಿದ ಗುಂಡು ತುದಿಯಿಂದ ಕಣ್ಣೆದುರೇ ಕೆಳಗೆ ಧುಮುಕಬೇಕು. ನಿಜವಾದ ಜಲಪಾತ ಸುಮಾರು 170 ಅಡಿ, ಕುದುರೆ ಲಾಳದ ಆಕಾರ. ನಮ್ಮದು ನಾಲ್ಕು ಇಂಚಾದರೂ ಸಾಕು, ಲಾಳದ ಬಾಗು ಮಾತ್ರ ತಪ್ಪಬಾರದು. ಬಿದ್ದ ಗುಂಡು ಹಾದುಹೋಗುವ ತಿರುಗಣಿ 1887ರ ಜಲವಿದ್ಯುತ್ ಯಂತ್ರ. ಅದು ತಿರುಗಿದಷ್ಟು ಸಲ ಜಲಪಾತದ ಪಕ್ಕದ ಗಿರಣಿಯ ಒಂದೊಂದು ಕಿಟಕಿಗೆ ದೀಪ. ಅಲ್ಲಿನ ತೂಗುಸೇತುವೆಯನ್ನು ತಂತಿಯದೇ ಮಾಡಿಸಿ, ಪ್ಲಾಸ್ಟಿಕ್ಕಿನದು ಬೇಡ.

ಅಂಕಗಳನ್ನು ಕ್ಯೂಸೆಕ್ಸ್‌ನಲ್ಲಿ ತೋರಿಸಬೇಕು. ಮಳೆಗಾಲದ ಪೇಪರು ಓದುವ ಮಂದಿಗೆ ಐವತ್ತು ಸಾವಿರ ಅಂದರೆ ಎಷ್ಟು ಭಾರಿ ಎಂಬುದು ಗೊತ್ತೇ ಇದೆ. ಗೋಕಾಕದ ಕರದಂಟಿನ ಅಂಗಡಿಯವರು ಜಾಹೀರಾತಿಗೆ ಜಾಗ ಕೇಳಿದರೆ ಕಾಸು ಹಾಕುವ ಬಾಗಿಲ ಮೇಲೆ ಕೊಡಬಹುದು, ಗಾಜಿನ ಮೇಲಲ್ಲ.

ಹೆಸರು ‘ಧುಪದಾಳ’ ಅಂತಲೇ ಇರಲಿ. ಹೊರಗಿನವರಿಗೆ ಆ ಊರು ಎಲ್ಲಿದೆ ಗೊತ್ತಾಗಲಿಕ್ಕಿಲ್ಲ ಎನ್ನುತ್ತೀರಾ? ‘ಮೆಡೀವಲ್ ಮ್ಯಾಡ್‌ನೆಸ್’ ಆಡುವವರು ಆ ಕೋಟೆ ಯಾವ ಜಿಲ್ಲೆಯದು ಅಂತ ಕೇಳಿದ್ದುಂಟೆ?