ನವಲಗುಂದದಿಂದ ಓದಿದಾಗ ವಿಕಿಪೀಡಿಯದ ಸಹಾಯ ಪುಟ

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಸಂಬಳ, ಸಂಭಾವನೆ ಏನೂ ಇಲ್ಲದೆ ಬಿಡುವಿನ ಹೊತ್ತಿನಲ್ಲಿ ಬರೆಯುವ ಹವ್ಯಾಸಿಗಳ ದುಡಿಮೆಯಿಂದ ಅಲ್ಲಿ ಇವತ್ತು ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಆ ಲೇಖನಗಳ ಗುಣಮಟ್ಟದ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಪರೀಕ್ಷೆಗೆ ಎತ್ತಿಕೊಂಡಿರುವುದು ಅವುಗಳ ಬೆನ್ನಿಗಿರುವ ಇನ್ನೊಂದು ಬರಹವನ್ನು: ಹೊಸದಾಗಿ ಬಂದವರಿಗೆಂದು ಹಳಬರು ಬರೆದಿಟ್ಟ ಸಹಾಯ ಪುಟಗಳು, ಸುಸ್ವಾಗತದ ಸಂದೇಶ, ನಿಯಮಗಳ ವಿವರಣೆ. ಬೆಂಗಳೂರು, ಮೈಸೂರು, ಮಂಗಳೂರು, ಉಜಿರೆ, ಮೂಡುಬಿದಿರೆಗಳಲ್ಲಿ ಕಾರ್ಯಾಗಾರ, ಸಂಪಾದನೋತ್ಸವಗಳು ನಡೆದಿವೆ. ಅಲ್ಲಿ ಕಲಿಯುವವರ ಪಕ್ಕ ಅನುಭವಿಯೊಬ್ಬರು ಕೂತು ಕೈಹಿಡಿದು ತೋರಿಸುತ್ತಾರೆ. ಹಾಗಾಗಿ ಸಹಾಯ ಪುಟ ಹೇಗಿದ್ದರೂ ಅವರ ಕೆಲಸ ನಡೆಯುತ್ತದೆ. ಧಾರವಾಡ ಜಿಲ್ಲೆಯ ನವಲಗುಂದದ ಕಾಲೇಜು ಹುಡುಗಿಗೆ, ಕಲಘಟಗಿಯ ಸಾಲಿ ಮಾಸ್ತರರಿಗೆ, ಅಣ್ಣಿಗೇರಿಯಲ್ಲಿ ಡಿಟಿಪಿ ಅಂಗಡಿ ಇಟ್ಟವರಿಗೆ ಹಾಗೆ ಪಕ್ಕದಲ್ಲಿ ಕೂರುವವರು ಸಿಗುವುದು ಕಷ್ಟ. ಅವರಿಗೆ ಆ ಬರಹವೇ ಗುರು. ಆದ್ದರಿಂದ ಈ ಪುಟಗಳಿಗೆ ಬೆಲೆ ಕಟ್ಟಬೇಕಾದದ್ದು ಅವರ ಕಡೆಯಿಂದ. ಹಾಗೆ ನೋಡಿದರೆ ಮಾಹಿತಿಗೆ ಕೊರತೆಯಿಲ್ಲ, ತಪ್ಪಿರುವುದು ಕ್ರಮ. ಎಲ್ಲವೂ ನಿಯಮ ಬಲ್ಲವರಿಗೆ ಅನುಕೂಲವಾಗುವ ಸಾಲಿನಲ್ಲಿ ಜೋಡಣೆಯಾಗಿದೆ. ಬರೆಯಲು ಕೂತವರಿಗೆ ಒಂದೊಂದೇ ಪ್ರಶ್ನೆ ಏಳುವ ಸಾಲೇ ಬೇರೆ.

ಸುಸ್ವಾಗತದ ಸಂದೇಶವನ್ನೇ ನೋಡಿ. ಖಾತೆ ತೆರೆದವರ ಚರ್ಚೆಪುಟಕ್ಕೆ ಮೊದಲು ಬಂದು ಸೇರುವುದು ಅದೇ. ಬಹುಕಾಲದಿಂದ ಅದು ಕೊಂಡಿಗಳ ಒಂದು ಪಟ್ಟಿ: ಸಮುದಾಯ ಪುಟ, ಸಹಾಯ ಪುಟ, ಟೈಪಿಂಗ್ ಸಹಾಯ, ಹೀಗೆ. ಜೊತೆಗೆ ಸಹಿ ಹಾಕಲು ನಾಲ್ಕು ಟಿಲ್ಡೆ ಚಿಹ್ನೆ ಒತ್ತಬೇಕೆಂಬ ಸೂಚನೆ. ಸಹಿ ಬೇಕಾಗುವುದು ಚರ್ಚೆಯಲ್ಲಿ ಮಾತ್ರ, ಲೇಖನದಲ್ಲಿ ಅದಕ್ಕೆ ಜಾಗವೇ ಇಲ್ಲ. ತನ್ನೂರಿನ ಬಗ್ಗೆ ನಾಲ್ಕು ಸಾಲು ಸೇರಿಸಬೇಕೆಂದು ಬಂದವರಿಗೆ ಮೊದಲ ದಿನ ಅದು ಬೇಡದ ಪಾಠ. ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಇಟ್ಟುಕೊಂಡವರು ಆ ಸೊಟ್ಟ ಗೆರೆ ಹುಡುಕಲು ಅಂಕಿಗಳ ಪುಟ ದಾಟಿ, ಚಿಹ್ನೆಗಳ ಪುಟಕ್ಕೂ ಹೋಗಬೇಕು. ಈ ಸಂದೇಶದ ಹಿಂದಿರುವ ಸದ್ಭಾವನೆಯನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ಏನೆಲ್ಲ ಇದೆ ಎಂದು ಎಣಿಸಿ ಹೇಳುವ ಅದು, ಮೊದಲು ಯಾವುದನ್ನು ಮಾಡಬೇಕೆಂದು ಹೇಳುವುದಿಲ್ಲ.

ಈ ಕೊರತೆ ನಿಜಕ್ಕೂ ಕಾಡುವ ಎರಡು ಜಾಗಗಳಿವೆ. ಒಂದು ಅಕ್ಷರದ್ದು. ಉತ್ತರ ಕರ್ನಾಟಕದ ಎಷ್ಟೋ ಡಿಟಿಪಿ ಅಂಗಡಿ, ಪಂಚಾಯಿತಿ, ಸಾಲಿಗಳಲ್ಲಿ ವರ್ಷಗಟ್ಟಲೆ ಬಳಕೆಯಾದದ್ದು ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳು. ಜಾತ್ರೆಯ ಹ್ಯಾಂಡ್‌ಬಿಲ್ಲು, ಸಂಘದ ಸ್ಮರಣ ಸಂಚಿಕೆ, ಊರಿನ ಇತಿಹಾಸದ ಪುಸ್ತಿಕೆ ಎಲ್ಲವೂ ಆ ಕಡತಗಳಲ್ಲಿವೆ. ಅದನ್ನು ಹಾಗೇ ತಂದು ಅಂಟಿಸಿದರೆ ತೆರೆಯ ಮೇಲೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂಚಲು ಮೂಡುತ್ತದೆ. ಬರೆದವರು ತಮ್ಮದೇ ಏನೋ ತಪ್ಪಾಯಿತೆಂದು ಎದ್ದುಹೋಗುತ್ತಾರೆ. ಪರಿಹಾರ ದೊಡ್ಡದಲ್ಲ, ಆಸ್ಕಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಹಳಬರಿಗೆಲ್ಲ ಇದು ಗೊತ್ತು. ಈ ಒಂದು ವಾಕ್ಯ ‘ಸಂಪಾದಿಸಿ’ ಒತ್ತಿದ ಕೂಡಲೇ ಕಣ್ಣಿಗೆ ಬೀಳುವಂತಿದ್ದರೆ ಎಷ್ಟೋ ಬರಹ ಉಳಿಯುತ್ತಿತ್ತು.

ಎರಡನೆಯದು ಉಲ್ಲೇಖದ್ದು, ಇದು ಇನ್ನೂ ಆಳದ ತೊಡಕು. ಕಲಘಟಗಿಯ ತೊಟ್ಟಿಲ ಬಗ್ಗೆ ಬರೆಯುವವರಿಗೆ ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಪಟ್ಟಿಗಳ ಮೇಲೆ ಬರೆಯುವ ರಾಮಾಯಣದ ಚಿತ್ರ ಎಲ್ಲ ಕಣ್ಣಾರೆ ಗೊತ್ತಿರುತ್ತದೆ. ವಿಕಿಪೀಡಿಯ ಅದನ್ನು ಒಪ್ಪುವುದಿಲ್ಲ. ಪ್ರಕಟವಾದ ಆಧಾರ ಕೇಳುತ್ತದೆ, ಸ್ವಂತ ಸಂಶೋಧನೆ ಸಲ್ಲದು ಎನ್ನುತ್ತದೆ. ನಿಯಮ ಸರಿಯಾಗಿಯೇ ಇದೆ. ಸಹಾಯ ಪುಟ ಉಲ್ಲೇಖ ಯಾಕೆ ಬೇಕು, ಅದರ ಸಂಕೇತ ಹೇಗೆ ಹಾಕಬೇಕು ಎಂದು ಹೇಳುತ್ತದೆ. ಉಲ್ಲೇಖ ಎಲ್ಲಿ ಸಿಗುತ್ತದೆ ಎನ್ನುವುದು ಮಾತ್ರ ಬಾಕಿ. ಇಂಗ್ಲಿಷ್ ಮಾದರಿಯನ್ನು ಅನುಸರಿಸಿ ಬಂದ ಪುಟಗಳಲ್ಲಿ ಈ ಪ್ರಶ್ನೆಗೆ ಜಾಗವಿರದಿದ್ದುದು ಸಹಜ. ಆ ಭಾಷೆಯವರಿಗೆ ಹುಡುಕಾಟದ ಪೆಟ್ಟಿಗೆಯಲ್ಲಿ ಹೆಸರು ಬರೆದರೆ ಸಾಕು. ಧಾರವಾಡ ಜಿಲ್ಲೆಯವರಿಗೆ ಹೇಳಬೇಕಾದದ್ದು ಬೇರೆ. ಈ ಸೀಮೆ ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಮೈಸೂರು ಕಡೆಯವರು ತಟ್ಟನೆ ಕೈಚಾಚುವ ಬಿ. ಎಲ್. ರೈಸ್ ಸಾಹೇಬರ ಶಾಸನ ಸಂಪುಟಗಳು, ‘ಎಪಿಗ್ರಾಫಿಯಾ ಕರ್ನಾಟಿಕಾ’, ಇಲ್ಲಿಗೆ ಒದಗುವುದಿಲ್ಲ. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್’ ಮಾಲೆಯ 11, 15, 18, 20ನೇ ಸಂಪುಟಗಳಲ್ಲಿರುವ ಬಾಂಬೆ-ಕರ್ನಾಟಕ ಶಾಸನಗಳನ್ನು ನೋಡಬೇಕು. 1884ರ ಬಾಂಬೆ ಗ್ಯಾಝೆಟಿಯರಿನ 22ನೇ ಸಂಪುಟ ಪೂರ್ತಿ ಧಾರವಾಡದ್ದು. ಹಳ್ಳಿಯ ಜನಸಂಖ್ಯೆ, ಸಾಲಿ, ನೀರಿನ ವಿವರಕ್ಕೆ 2011ರ ಜನಗಣತಿಯ ಜಿಲ್ಲಾ ಕೈಪಿಡಿ ಇದೆ. ಇಷ್ಟನ್ನು ಒಂದು ಪುಟದಲ್ಲಿ ಜೋಡಿಸಿಟ್ಟರೆ ಕುಂದಗೋಳದಲ್ಲಿ ಕೂತವರೂ ಆಧಾರ ಕೊಟ್ಟು ಬರೆಯಬಲ್ಲರು.

ಹೊಸಬರು ಸಹಾಯ ಪುಟ ಓದುವುದೇ ಇಲ್ಲವಲ್ಲ, ಅದಕ್ಕೇಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಮಾತು ಬಹುಮಟ್ಟಿಗೆ ನಿಜ. ಹೊಸಬರು ನೋಡುವುದು ತಮ್ಮ ವಿಷಯಕ್ಕೆ ಹತ್ತಿರವಿರುವ ಇನ್ನೊಂದು ಲೇಖನವನ್ನು, ಅದರಂತೆಯೇ ಬರೆಯುತ್ತಾರೆ. ವಿಜಯಪುರ ಜಿಲ್ಲೆಯ ಹಳ್ಳಿಗಳ ಪುಟಗಳನ್ನು ತೆರೆದು ನೋಡಿದರೆ ಇದಕ್ಕೆ ಸಾಕ್ಷಿ ಸಿಗುತ್ತದೆ: ಊರು ಬದಲಾದರೂ ಹವಾಮಾನ, ಆಹಾರ, ಹಬ್ಬ, ಶಿಕ್ಷಣ ಎಂಬ ಅವೇ ತಲೆಬರಹ, ಎಷ್ಟೋ ಕಡೆ ಅವೇ ವಾಕ್ಯಗಳು. ತಮ್ಮ ಸೀಮೆಯ ಊರೂರಿಗೂ ಪುಟ ಇರಲಿ ಎಂಬ ಪ್ರೀತಿ ಅಲ್ಲಿ ಎದ್ದು ಕಾಣುತ್ತದೆ, ಊರು ಮಾತ್ರ ಕಾಣುವುದಿಲ್ಲ. ಅಂದ ಮೇಲೆ ಆಕ್ಷೇಪದಿಂದ ಹೊರಡುವ ತೀರ್ಮಾನ ಸಹಾಯ ಬೇಡವೆಂಬುದಲ್ಲ. ಒಂದು ಹಳ್ಳಿ, ಒಂದು ಗುಡಿ, ಒಂದು ಕಸುಬು, ಒಬ್ಬ ಕಲಾವಿದರ ಬಗ್ಗೆ ಆಧಾರಸಹಿತವಾಗಿ, ಅಚ್ಚುಕಟ್ಟಾಗಿ ಬರೆದ ಮಾದರಿ ಲೇಖನಗಳನ್ನು ಸಿದ್ಧಮಾಡಿ ಮುಂದಿಡಬೇಕು. ಕುಂದಗೋಳದ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ (1886–1952) ಬಗ್ಗೆ ಅಂಥ ಒಂದು ಲೇಖನವಿದ್ದು, ಪ್ರತಿ ವಾಕ್ಯದ ಆಧಾರ ಯಾವುದೆಂದು ಚರ್ಚೆಪುಟದಲ್ಲಿ ಬಿಡಿಸಿ ಹೇಳಿದ್ದರೆ, ಅದೇ ಎಲ್ಲಕ್ಕಿಂತ ಒಳ್ಳೆಯ ಸಹಾಯ ಪುಟ.

ಸಹಾಯವನ್ನು ಸಲೀಸು ಮಾಡಿದರೆ ಕಸ ನುಗ್ಗುತ್ತದೆ ಎಂಬ ಭಯ ಇನ್ನೊಂದು. ಕನ್ನಡ ವಿಕಿಪೀಡಿಯದ ಅನುಭವ ಇದನ್ನು ಸಮರ್ಥಿಸುವುದಿಲ್ಲ. 2009ರ ನಂತರದ ಒಂದೆರಡು ವರ್ಷಗಳಲ್ಲಿ ಗೂಗಲ್ ಸಂಸ್ಥೆ ಹಣ ಕೊಟ್ಟು, ಅನುವಾದದ ಉಪಕರಣದ ನೆರವಿನಿಂದ ಕನ್ನಡ, ತಮಿಳು, ತೆಲುಗು ಮುಂತಾದ ಭಾಷೆಗಳಿಗೆ ಉದ್ದುದ್ದ ಲೇಖನಗಳನ್ನು ತುಂಬಿಸಿತು. ಕನ್ನಡದಲ್ಲಿ ಓದಿಸಿಕೊಳ್ಳದ ಆ ಪುಟಗಳನ್ನು ತಿದ್ದುವ ಭಾರ ಹವ್ಯಾಸಿಗಳ ತಲೆಗೆ ಬಿತ್ತು. ಕೆಟ್ಟ ಬರಹದ ಅಷ್ಟು ದೊಡ್ಡ ರಾಶಿ ಬಂದದ್ದು ನವಲಗುಂದದ ಅರಿಯದ ಹೊಸಬರಿಂದಲ್ಲ. ಇತ್ತ ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ತುದಿ ಮುಟ್ಟಿ ಇಳಿಯತೊಡಗಿತು. ಸದುದ್ದೇಶದಿಂದ ಬಂದ ಹೊಸಬರ ತಿದ್ದುಪಡಿಗಳನ್ನು ತಟ್ಟನೆ ಅಳಿಸಿಹಾಕುತ್ತಿದ್ದುದು ಅದಕ್ಕೊಂದು ಮುಖ್ಯ ಕಾರಣವೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಷ್ಟು ಜನಬಲವಿದ್ದವರೇ ತತ್ತರಿಸಿದರು. ಬೆರಳೆಣಿಕೆಯ ಜನ ನಡೆಸುವ ಕನ್ನಡಕ್ಕೆ ಒಬ್ಬೊಬ್ಬರನ್ನೂ ಕಳೆದುಕೊಳ್ಳುವುದು ದೊಡ್ಡ ನಷ್ಟ.

ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ, ಪುಟ ಬರೆಯುತ್ತ ಕೂರುವುದೇಕೆ ಎನ್ನುವುದು ಮೂರನೆಯ ಆಕ್ಷೇಪ. ಗುಂಪಿನೊಳಗೆ ಸೇರಿದವರಿಗೆ ಸಿಗುತ್ತದೆ, ಸರಿ. ಆದರೆ ಮರುವಾರ ಅದೇ ಪ್ರಶ್ನೆ ಇನ್ನೊಬ್ಬರಿಂದ ಬರುತ್ತದೆ, ಅದೇ ಹಿರಿಯ ಸದಸ್ಯರು ಮತ್ತೆ ಬರೆಯಬೇಕಾಗುತ್ತದೆ. ನವಲಗುಂದದ ಜಮಖಾನೆ ನೇಯುವ ಮನೆಗಳಲ್ಲಿ ಮಗಳಿಗೆ ಕಲಿಸಿದರೆ ಕಸುಬು ಬೇರೆ ಮನೆಗೆ ಹೋದೀತೆಂದು ಸೊಸೆಗೆ ಮಾತ್ರ ಕಲಿಸುವ ರೂಢಿ ಇತ್ತು. ಅದು ಹೊಟ್ಟೆಪಾಡಿನ ಗುಟ್ಟು, ಕಾಯ್ದುಕೊಂಡಿದ್ದಕ್ಕೆ ಕಾರಣವಿತ್ತು. ಮುಚ್ಚಿಡುವ ಉದ್ದೇಶವೇ ಇಲ್ಲದ ವಿಕಿಪೀಡಿಯದಲ್ಲೂ ತಿಳಿವಳಿಕೆ ಹಾಗೇ ನಾಲ್ಕು ಜನರ ನಡುವೆ ಉಳಿದರೆ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಕನ್ನಡ ವಿಕಿಪೀಡಿಯದ ಸಾರ್ವಜನಿಕ ಚರ್ಚೆಯ ಪುಟವಾದ ಅರಳಿ ಕಟ್ಟೆಯ ಹಳೆಯ ಚರ್ಚೆಗಳಲ್ಲಿರುವ ಒಳ್ಳೆಯ ಉತ್ತರಗಳಿಗೂ ಇದೇ ಗತಿ: ಬರೆದಿಟ್ಟಿದ್ದರೂ ಹುಡುಕಿದವರ ಕೈಗೆ ಸಿಗುವುದಿಲ್ಲ.

ಕ್ರಮವೊಂದನ್ನು ಬದಲಿಸಿದರೆ ಎಷ್ಟು ವ್ಯತ್ಯಾಸವಾಗುತ್ತದೆ ಎನ್ನುವುದಕ್ಕೆ ಕನ್ನಡದಲ್ಲೇ ಉದಾಹರಣೆ ಇದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸ್ಕ್ಯಾನ್ ಮಾಡಿಟ್ಟ ಕನ್ನಡ ಪುಸ್ತಕಗಳ ಹೆಸರು ರೋಮನ್ ಅಕ್ಷರದಲ್ಲಿ, ಮನಸ್ಸಿಗೆ ಬಂದ ಕಾಗುಣಿತದಲ್ಲಿ ಇದ್ದವು, ಪುಸ್ತಕವಿದ್ದೂ ಇಲ್ಲದಂತಾಗಿತ್ತು. ಸಂಚಯ ತಂಡದವರು ಸಮುದಾಯದ ಕೈಯಿಂದ ಆ ಹೆಸರುಗಳನ್ನು ಕನ್ನಡಕ್ಕೆ ತರಿಸಿ, ಕನ್ನಡದಲ್ಲೇ ಹುಡುಕುವಂತೆ ಮಾಡಿದರು. ಹೊಸ ಪುಸ್ತಕ ಒಂದನ್ನೂ ಸೇರಿಸದೆ ಓದುಗರಿಗೆ ಒಂದು ಗ್ರಂಥಾಲಯ ತೆರೆದಂತಾಯಿತು.

ವಿಕಿಪೀಡಿಯದಲ್ಲಿ ಸಹಾಯ ಪುಟವನ್ನೂ ಯಾರು ಬೇಕಾದರೂ ತಿದ್ದಬಹುದು. ಹಿರಿಯ ಸದಸ್ಯರಲ್ಲಿ ಒಂದು ಬೇಡಿಕೆ: ಸುಸ್ವಾಗತದ ಆ ಪಟ್ಟಿಯನ್ನು ತೆಗೆದು ಮೂರೇ ಸಾಲು ಇಡಿ. ಅಕ್ಷರ ಮೂಡದಿದ್ದರೆ ಏನು ಮಾಡಬೇಕು, ಯಾವ ಮಾದರಿ ಲೇಖನ ನೋಡಬೇಕು, ಯಾರನ್ನು ಕೇಳಬೇಕು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಓದುಗರಲ್ಲಿ ಇನ್ನೊಂದು: ಬರೆಯಲು ಹೋಗಿ ಎಲ್ಲಿ ಸಿಕ್ಕಿಬಿದ್ದಿರಿ ಎಂಬುದನ್ನು ಅರಳಿ ಕಟ್ಟೆಯಲ್ಲಿ ದಾಖಲಿಸಿ. ಮುಂದಿನ ಸಹಾಯ ಪುಟ ಎಲ್ಲಿಂದ ಶುರುವಾಗಬೇಕೆಂದು ಹಳಬರಿಗೆ ತಿಳಿಯುವುದು ಅದರಿಂದಲೇ.