ಶಿಶುಶಿಕ್ಷಣದ ಸಂಶೋಧನೆಯಲ್ಲಿ ಮಕ್ಕಳ ಮಾತಿನ ಸ್ಥಾನ: ಒಂದು ವಿಮರ್ಶೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಅಂಗನವಾಡಿಗಳನ್ನು ಕುರಿತು ವಿದ್ಯಾರ್ಥಿಗಳು ಬರೆದ ಕೆಲವು ಕಿರುಪ್ರಬಂಧಗಳನ್ನು ಪರಿಶೀಲಿಸುವ ಸಂದರ್ಭ ನಮಗೆ ಒದಗಿತು. ನಾವು ಇತಿಹಾಸದ ಅಧ್ಯಾಪಕರು. ಶಿಕ್ಷಣಶಾಸ್ತ್ರ ನಮ್ಮ ಕ್ಷೇತ್ರವಲ್ಲ. ಆದರೆ ಸಾಕ್ಷ್ಯವನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ಕಾಪಾಡಬೇಕು ಎಂಬುದು ಎರಡು ಶಾಸ್ತ್ರಗಳಿಗೂ ಸಮಾನವಾದ ಪ್ರಶ್ನೆಯಾದುದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇವೆ.

ಆ ಪ್ರಬಂಧಗಳೆಲ್ಲವೂ ತಮ್ಮನ್ನು ಗುಣಾತ್ಮಕ ಸಂಶೋಧನೆಯೆಂದು, ಮಕ್ಕಳ ದೃಷ್ಟಿಯನ್ನು ತಿಳಿಯುವ ಪ್ರಯತ್ನವೆಂದು ಕರೆದುಕೊಂಡಿವೆ. ಉದ್ದೇಶ ಶ್ಲಾಘ್ಯವಾದುದೇ. ಆದರೆ ಓದುತ್ತ ಹೋದಂತೆ ಮಗು ಎಲ್ಲಿಯೂ ಎದುರಾಗುವುದಿಲ್ಲ. ಕಾರ್ಯಕರ್ತೆ ಹೇಳಿದುದಿದೆ, ತಾಯಂದಿರು ಹೇಳಿದುದಿದೆ, ಮೇಲ್ವಿಚಾರಕಿ ಹೇಳಿದುದಂತೂ ಧಾರಾಳವಾಗಿದೆ. ಒಂದೆರಡು ಕಡೆ ಮಗುವಿನ ಮಾತು ಬಂದರೂ ಅದು “ಶಿಕ್ಷಕಿಯ ಶಿಸ್ತಿನ ವಿಷಯದಲ್ಲಿ ಮಗು ಆತಂಕವನ್ನು ವ್ಯಕ್ತಪಡಿಸಿತು” ಎಂಬ ರೂಪದಲ್ಲಿ. ನಾಲ್ಕು ವರ್ಷದ ಯಾವ ಮಗುವೂ ಹೀಗೆ ಮಾತನಾಡುವುದಿಲ್ಲವೆಂದು ಬರೆದವರನ್ನು ಕರೆದು ಕೇಳಿದೆವು. ಅವರ ಟಿಪ್ಪಣಿ ಪುಸ್ತಕದಲ್ಲಿದ್ದುದು “ಮಿಸ್ಸು ಬಯ್ತಾರೆ, ನಾನ್ ಕೂತ್ಕತೀನಿ” ಎಂಬ ಮಾತು. ಬಯ್ಯುವುದು ಒಂದು ಸಂಗತಿ, ಕುಳಿತುಕೊಳ್ಳುವುದು ಇನ್ನೊಂದು. ಇವೆರಡಕ್ಕೂ ಮಗು ಕಂಡ ಸಂಬಂಧವೇನು? ಭಯವೋ, ಜಾಣತನವೋ, ಉಳಿದವರು ಬೈಸಿಕೊಳ್ಳುವಾಗ ತಾನು ಮಾತ್ರ ಕುಳಿತಿರುವೆನೆಂಬ ಹೆಮ್ಮೆಯೋ? ‘ಆತಂಕ’ವೆಂಬ ಒಂದು ಶಬ್ದ ಇಷ್ಟನ್ನೂ ಮುಚ್ಚಿಬಿಟ್ಟಿದೆ.

ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಐದನೆಯ ಸಂಪುಟ, ಎಂದರೆ ಹಾಸನ ಜಿಲ್ಲೆಯ ಶಾಸನಗಳ ಸಂಪುಟ, ೧೯೦೨ರಲ್ಲಿ ಪ್ರಕಟವಾಯಿತು. ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳ ಕಲ್ಲುಗಳೂ ಅದರಲ್ಲಿವೆ. ಶಾಸನವನ್ನು ಓದುವವನು ಮೊದಲು ಕಲಿಯುವ ಪಾಠವೆಂದರೆ ಕಲ್ಲಿನಲ್ಲಿರುವುದನ್ನು ತಿದ್ದಬಾರದೆಂಬುದು. ಕಡೆದವನು ಱ ಇರಬೇಕಾದೆಡೆ ರ ಕಡೆದಿದ್ದರೆ ಅದು ಅವನ ಅಜ್ಞಾನವೆಂದು ನಾವು ಸರಿಪಡಿಸುವುದಿಲ್ಲ. ಆ ಕಾಲದ ಜನರ ಉಚ್ಚಾರಣೆ ಬದಲಾಗಿತ್ತೆಂಬುದಕ್ಕೆ ಆ ‘ತಪ್ಪೇ’ ಆಧಾರ. ಶುದ್ಧಪಾಠವನ್ನು ಪಕ್ಕದಲ್ಲಿ ಸೂಚಿಸಬಹುದು, ಮೂಲವನ್ನು ಅಳಿಸುವಂತಿಲ್ಲ. ಹನ್ನೆರಡನೆಯ ಶತಮಾನದ ಒಬ್ಬ ಅಜ್ಞಾತ ಕಲ್ಲುಕುಟಿಗನಿಗೆ ಸಲ್ಲುವ ಈ ಮರ್ಯಾದೆ ನಮ್ಮೆದುರು ಕುಳಿತ ಮಗುವಿಗೆ ಏಕೆ ಸಲ್ಲಬಾರದೆಂಬುದೇ ನಮ್ಮ ಆಕ್ಷೇಪಣೆಯ ತಿರುಳು.

ಮಗುವಿನ ಮಾತನ್ನು ಆ ಕಾಲದಲ್ಲಿಯೇ ಬರೆದಿಡದಿದ್ದರೆ ಏನಾಗುವುದೆಂಬುದಕ್ಕೆ ಇದೇ ಸೀಮೆಯ ನಿದರ್ಶನವಿದೆ. ಎಸ್. ಎಲ್. ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡವರು. ೧೯೭೦ರ ‘ಗೃಹಭಂಗ’ದಲ್ಲಿ ನಂಜಮ್ಮನ ಮಕ್ಕಳಾದ ಪಾರ್ವತಿ, ರಾಮಣ್ಣರನ್ನು ಪ್ಲೇಗು ಕೊಂಡೊಯ್ಯುತ್ತದೆ, ಕಿರಿಯವನಾದ ವಿಶ್ವ ಉಳಿಯುತ್ತಾನೆ. ಆ ಕಾದಂಬರಿಯ ಶಕ್ತಿಯೆಲ್ಲ ನಂಜಮ್ಮನಲ್ಲಿದೆ. ಮಕ್ಕಳ ಹಸಿವು, ರೋಗ, ಸಾವುಗಳು ನಮಗೆ ಕಾಣುವುದು ಬಹುಮಟ್ಟಿಗೆ ಆ ತಾಯಿಯ ಕಣ್ಣಿನಿಂದ. ೧೯೯೬ರಲ್ಲಿ ಬಂದ ‘ಭಿತ್ತಿ’ಯಲ್ಲಿ ಉಳಿದ ಮಗುವೇ ‘ನಾನು’ ಎಂದು ಮಾತನಾಡಿತು. ಆದರೆ ಆ ವೇಳೆಗೆ ಮಗುವಿಗೆ ಅರುವತ್ತು ದಾಟಿತ್ತು. ಅದು ತತ್ತ್ವಶಾಸ್ತ್ರ ಓದಿ, ಹಲವು ಕಾದಂಬರಿಗಳನ್ನು ಬರೆದಿತ್ತು. ‘ಭಿತ್ತಿ’ಯ ಬಾಲ್ಯಪ್ರಕರಣಗಳ ಬೆಲೆಯನ್ನು ನಾವು ಕಡಮೆ ಮಾಡುತ್ತಿಲ್ಲ, ಜಿಲ್ಲೆಯ ಸಾಮಾಜಿಕ ಇತಿಹಾಸ ಬರೆಯುವವರು ಅದನ್ನು ಬಿಟ್ಟು ಮುಂದೆ ಹೋಗಲಾರರು. ಆದರೂ ಅದು ಸ್ಮರಣೆಯೇ ಹೊರತು ಮಗುವಿನ ಮಾತಲ್ಲ. ಬದುಕಿಯೂ ಲೇಖಕರಾಗದಿದ್ದ ಮಕ್ಕಳಿಂದ ಅಷ್ಟೂ ನಮಗೆ ದೊರೆತಿಲ್ಲ.

ಈಗಿನ ಮಕ್ಕಳ ವಿಷಯದಲ್ಲಿ ಈ ಲೋಪಕ್ಕೆ ನೆಪವಿಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ೧೯೭೫ರ ಅಕ್ಟೋಬರ್ ೨ರಂದು ಪ್ರಾರಂಭವಾದಂದಿನಿಂದ ಅಂಗನವಾಡಿಗಳು ಮಗುವಿನ ತೂಕವನ್ನು ಬರೆದಿಡುತ್ತಿವೆ, ಹಾಜರಿಯನ್ನೂ ಆಹಾರವನ್ನೂ ಬರೆದಿಡುತ್ತಿವೆ. ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗೆ ಉಂಟೆಂದು ಸಾರಿದ ೧೯೮೯ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವು ೧೯೯೨ರಲ್ಲಿ ಸೇರಿತು. ಮಾತನ್ನು ಬರೆದಿಡುವ ಪುಸ್ತಕ ಮಾತ್ರ ಇನ್ನೂ ಬರಬೇಕಾಗಿದೆ. ೨೦೦೧ರಲ್ಲಿ ಅಲಿಸನ್ ಕ್ಲಾರ್ಕ್, ಪೀಟರ್ ಮಾಸ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು ‘ಮೊಸಾಯಿಕ್’ ಎಂಬ ಪದ್ಧತಿಯನ್ನು ವಿವರಿಸಿದರು. ಅದರಲ್ಲಿ ಪ್ರಶ್ನೆ ಕೇಳುವುದಷ್ಟೇ ಅಲ್ಲದೆ ಮಗುವಿನ ಕೈಗೆ ಕ್ಯಾಮೆರಾ ಕೊಡುತ್ತಾರೆ. ಮಗುವೇ ಮುಂದೆ ನಡೆದು ತನ್ನ ಶಾಲೆಯನ್ನು ತೋರಿಸುತ್ತದೆ. ಕ್ಯಾಮೆರಾದ ಆಕರ್ಷಣೆ ನಮ್ಮಲ್ಲಿ ಬೇರೆ ತೊಡಕುಗಳನ್ನು ತಂದೀತು. ಮುಂದೆ ನಡೆಯುವುದಕ್ಕೆ ಖರ್ಚಿಲ್ಲ.

ಅರಕಲಗೂಡು ತಾಲ್ಲೂಕಿನ ಒಂದು ಅಂಗನವಾಡಿಯಲ್ಲಿ ನಾವು ಇದನ್ನು ಮಾಡಿ ನೋಡಿದೆವು. ಒಂದು ಬೆಳಗಿನ ಭೇಟಿಯನ್ನು ಸಂಶೋಧನೆಯೆಂದು ಕರೆಯುವ ಉದ್ಧಟತನ ನಮಗಿಲ್ಲ. “ನಿಮಗೆ ಇಲ್ಲಿ ಏನು ಇಷ್ಟ?” ಎಂದು ಕೇಳಿದಾಗ ಮಕ್ಕಳು ಒಕ್ಕೊರಲಿನಿಂದ “ಹಾಡು, ಆಟ, ಊಟ” ಎಂದರು. ಯಾರೋ ಕಲಿಸಿದ ಉತ್ತರವೆಂಬುದು ಸ್ಪಷ್ಟವಾಗಿತ್ತು. ಆಮೇಲೆ “ತೋರಿಸಿ” ಎಂದೆವು. ಗೋಡೆಯ ಚಿತ್ರಗಳನ್ನೂ ಆಟಿಕೆಯ ಪೆಟ್ಟಿಗೆಯನ್ನೂ ದಾಟಿ ಒಂದು ಹೆಣ್ಣುಮಗು ನಮ್ಮನ್ನು ಹಿಂಬದಿಯ ಕಿಟಕಿಗೆ ಕರೆದೊಯ್ದಳು. ದೂರದಲ್ಲಿ ಹೊಗೆಸೊಪ್ಪಿನ ಬ್ಯಾರನ್ನೂ, ಅದರ ಮುಂದೆ ಕುಳಿತು ಸೊಪ್ಪು ಕಟ್ಟುತ್ತಿದ್ದ ಹೆಂಗಸರೂ ಕಾಣುತ್ತಿದ್ದರು. “ನಮ್ಮವ್ವ ಅಲ್ಲವ್ಳೆ” ಎಂದಳು. ಆ ಮಗುವಿನ ಲೆಕ್ಕದಲ್ಲಿ ಅಂಗನವಾಡಿಯ ಮುಖ್ಯಭಾಗ ಆ ಕಿಟಕಿ. ನಾವು ನೋಡಿದ ಯಾವ ಪ್ರಶ್ನಾವಳಿಯಲ್ಲಿಯೂ ಕಿಟಕಿಯ ಪ್ರಸ್ತಾಪವಿಲ್ಲ.

ಇದು ಕೇವಲ ವಿಧಾನದ ಚರ್ಚೆಯಲ್ಲ. ೨೦೨೪ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ತರಗತಿಗಳನ್ನು ತೆರೆಯುವ ವಿಚಾರಕ್ಕೆ ಅಂಗನವಾಡಿ ಕಾರ್ಯಕರ್ತೆಯರು ತೀವ್ರವಾಗಿ ವಿರೋಧ ತೋರಿದರು. ಅವರ ಜೀವನೋಪಾಯದ ಪ್ರಶ್ನೆ ನ್ಯಾಯವಾದುದು. ಇಂಗ್ಲಿಷ್ ಬೇಕೆನ್ನುವ ತಾಯ್ತಂದೆಯರ ಆಸೆಯೂ ಅಲ್ಲಗಳೆಯುವಂಥದಲ್ಲ. ಮೂರು ವರ್ಷದ ಮಗುವನ್ನು ಮನೆಯ ಹತ್ತಿರದ ಕೋಣೆಯಿಂದ ದೂರದ ಕೋಣೆಗೆ ಸಾಗಿಸುವ ಮಾತು ಬಂದಾಗ, ಆ ಮಗುವಿಗೆ ಯಾವ ಕಿಟಕಿ ತಪ್ಪಿಹೋಗುವುದೆಂಬುದನ್ನೂ ಯಾರಾದರೂ ಕೇಳಿ ತಿಳಿದಿರಬೇಕು. ಕಿರುಪ್ರಬಂಧಗಳು ಈ ಕೆಲಸವನ್ನು ಮಾಡಬಹುದಾಗಿತ್ತು.

‘ಆತಂಕ’ವನ್ನು ಬರೆದವರಿಗೆ ಟಿಪ್ಪಣಿ ಪುಸ್ತಕವನ್ನು ಇದ್ದಂತೆಯೇ ಅನುಬಂಧವಾಗಿ ಸೇರಿಸಲು ಸೂಚಿಸಿದೆವು. ಮಳೆಯಲ್ಲಿ ನೆನೆದು ಅದರ ಎರಡು ಪುಟಗಳ ಅಕ್ಷರಗಳು ಅಲ್ಲಲ್ಲಿ ಅಳಿಸಿಹೋಗಿದ್ದವು. ನೆನಪಿನಿಂದ ತುಂಬಿಸಿಕೊಡುವುದಾಗಿ ಅವರು ಹೇಳಿದರು. ನಾವು ಒಪ್ಪದೆ, ಶಾಸನಪಾಠಗಳಲ್ಲಿ ಮಾಡುವಂತೆ ಆ ಎಡೆಗಳಲ್ಲಿ ಚುಕ್ಕೆಗಳನ್ನು ಹಾಕಿಸಿದೆವು.